ಎತ್ತಿನ ಹೆಗಲಿಗೆ ಒಪ್ಪುವ ನೊಗ

ಮುಂಗಾರಿನ ಹದ ಬಹಳ ದಿನ ಕಾಯುವುದಿಲ್ಲ. ಅದೇ ಸಮಯಕ್ಕೆ ಜೋಡಿಯಲ್ಲಿ ಒಂದು ಎತ್ತಿಗೆ ಹೆಗಲು ಬಾವು ಬಂದರೆ ಬಿತ್ತನೆಯೇ ನಿಲ್ಲುತ್ತದೆ. ಬಾಡಿಗೆ ಎತ್ತು ಹುಡುಕುವುದರೊಳಗೆ ಹದ ಆರಿಹೋಗುತ್ತದೆ. ಬಹುಪಾಲು ಹೆಗಲು ಬಾವಿಗೆ ಕಾರಣ ಎತ್ತಿನ ದೌರ್ಬಲ್ಯವಲ್ಲ, ಅದರ ಹೆಗಲಿಗೆ ಹೊಂದದ ನೊಗ. ಕೊಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ನೊಗವನ್ನೇ ಯಾವ ಎತ್ತಿಗಾದರೂ ಹೂಡುವ ರೂಢಿಯನ್ನು ಬಿಟ್ಟು, ಎತ್ತಿಗೂ ಕೆಲಸಕ್ಕೂ ತಕ್ಕಂತೆ ನೊಗವನ್ನು ಹೊಂದಿಸಿಕೊಳ್ಳಬೇಕು.

ನೊಗದ ಮೇಲೆ ಬೀಳುವ ಭಾರ

ಎತ್ತು ದಿನದ ಕೆಲಸದಲ್ಲಿ ದಣಿಯದೆ ಎಳೆಯಬಲ್ಲ ಶಕ್ತಿ ಸುಮಾರಾಗಿ ಅದರ ದೇಹತೂಕದ ಹತ್ತರಲ್ಲಿ ಒಂದು ಪಾಲು. ತಲಾ 360 ಕಿಲೋ ತೂಗುವ ಜೋಡಿ 72 ಕಿಲೋದಷ್ಟು ಎಳೆತವನ್ನು ಕೊಡುತ್ತದೆ. ಅಂದರೆ ಒಂದೊಂದು ಎತ್ತಿನ ಪಾಲಿಗೆ 36 ಕಿಲೋ. ಈ ಎಳೆತವೆಲ್ಲ ಇಣಿಯ ಮುಂದೆ ನೊಗ ತಾಗುವ ಜಾಗದ ಮೇಲೆಯೇ ಬೀಳುತ್ತದೆ.

ನೊಗ ತಾಗುವ ಜಾಗ 18 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲವಿದ್ದರೆ ಚದರ ಸೆಂ.ಮೀ. ಒಂದಕ್ಕೆ 400 ಗ್ರಾಂ ಒತ್ತಡ ಬೀಳುತ್ತದೆ. ಅಗಲವನ್ನು 10 ಸೆಂ.ಮೀ.ಗೆ ಹೆಚ್ಚಿಸಿದರೆ ಅದೇ ಒತ್ತಡ 200 ಗ್ರಾಂಗೆ ಇಳಿಯುತ್ತದೆ. ಎಳೆತ ಕಡಿಮೆಯಾಗಲಿಲ್ಲ, ನೋವು ಮಾತ್ರ ಅರ್ಧವಾಯಿತು. ದುಂಡನೆಯ ಸಣ್ಣ ಗಳುವಿಗಿಂತ ಹೆಗಲಿನ ಬಾಗಿಗೆ ತಕ್ಕಂತೆ ಅಗಲವಾಗಿ ಕೆತ್ತಿದ ನೊಗ ಮೇಲು ಎನ್ನುವುದು ಇದೇ ಕಾರಣಕ್ಕೆ.

ನೊಗದ ಆಯ್ಕೆ

ಮರ ಹಗುರವಾಗಿ, ಗಟ್ಟಿಯಾಗಿ, ಚೆನ್ನಾಗಿ ಒಣಗಿರಬೇಕು. ಹಸಿಮರ ಒಣಗುವಾಗ ಸೀಳುಬಿಟ್ಟು ಚರ್ಮವನ್ನು ಕಚ್ಚುತ್ತದೆ. ಹೆಗಲಿಗೆ ತಾಗುವ ಭಾಗದಲ್ಲಿ ಅಂಚು, ಗಂಟು, ಮೊಳೆಯ ತಲೆ ಇರಬಾರದು. ಮೆತ್ತೆ ಹಾಕುವುದಾದರೆ ಹತ್ತಿಬಟ್ಟೆಯನ್ನು ಸಮವಾಗಿ ಹರಡಿ ಮೇಲೆ ನಯವಾದ ತೊಗಲು ಇಲ್ಲವೆ ಕ್ಯಾನ್ವಾಸು ಹೊಲಿಯಬೇಕು. ಗಂಟುಕಟ್ಟಿದ ಮೆತ್ತೆ ಬರಿಯ ಮರಕ್ಕಿಂತ ಕೆಟ್ಟದ್ದು. ಬೆವರಿನಿಂದ ಒದ್ದೆಯಾದ ಮೆತ್ತೆಯನ್ನು ದಿನವೂ ಬಿಸಿಲಿಗೆ ಹಾಕಬೇಕು.

ಕೊರಳಿಗೆ ಕಟ್ಟುವ ಜತ್ತಿಗೆ ಅಗಲವಾಗಿದ್ದು, ಕೊರಳಿನ ಕೆಳಗೆ ನಾಲ್ಕು ಬೆರಳು ಸಲೀಸಾಗಿ ಆಡುವಷ್ಟು ಸಡಿಲವಿರಬೇಕು. ಬಿಗಿಯಾದರೆ ನೊಗ ಮೇಲೆದ್ದಾಗ ಗಂಟಲನ್ನು ಒತ್ತಿ ಉಸಿರಾಟಕ್ಕೆ ತೊಂದರೆಯಾಗುತ್ತದೆ. ತೀರ ಸಡಿಲವಾದರೆ ನೊಗ ಅತ್ತಿತ್ತ ಜಾರಿ ಚರ್ಮವನ್ನು ಉಜ್ಜುತ್ತದೆ.

ಕೆಲಸಕ್ಕೆ ತಕ್ಕ ಹೊಂದಾಣಿಕೆ

ನೇಗಿಲಿಗೆ ಗಿಡ್ಡ ನೊಗ ಸಾಕು. ಎಡೆಕುಂಟೆ ಹೊಡೆಯುವಾಗ ಎತ್ತುಗಳು ಸಾಲುಗಳ ನಡುವೆ ನಡೆಯಬೇಕಾದ್ದರಿಂದ ಸಾಲಿನ ಅಂತರವನ್ನು ನೋಡಿ ನೊಗ ಮಾಡಿಸಬೇಕು. ನಡುವಿನ ಒಂದು ಎಡೆಯಲ್ಲಿ ಕುಂಟೆ, ಅದರ ಎರಡು ಪಕ್ಕದ ಎಡೆಗಳಲ್ಲಿ ಎತ್ತುಗಳು ನಡೆಯುವುದಾದರೆ ಎತ್ತಿನಿಂದ ಎತ್ತಿಗೆ ಇರಬೇಕಾದ ದೂರ ಸಾಲಿನ ಅಂತರದ ಎರಡರಷ್ಟು. 45 ಸೆಂ.ಮೀ. ಸಾಲಿಗೆ 90 ಸೆಂ.ಮೀ., 60 ಸೆಂ.ಮೀ. ಸಾಲಿಗೆ 120 ಸೆಂ.ಮೀ. ಬೇಕು. ಅಳತೆ ತಪ್ಪಿದರೆ ಎತ್ತು ಪೈರನ್ನು ತುಳಿಯುತ್ತದೆ, ಇಲ್ಲವೆ ಕೊರಳು ತಿರುಚಿಕೊಂಡು ನಡೆಯುತ್ತದೆ.

ನೇಗಿಲಿನ ಈಸನ್ನು ನೊಗಕ್ಕೆ ಕಟ್ಟುವ ಜಾಗವೂ ಮುಖ್ಯ. ನೇಗಿಲಿಗೂ ನೊಗಕ್ಕೂ ನಡುವಿನ ಈಸಿನ ಉದ್ದ ಹೆಚ್ಚಿದಂತೆ ನೇಗಿಲು ಆಳಕ್ಕೆ ಇಳಿಯುತ್ತದೆ. ಕಡಿಮೆ ಮಾಡಿದರೆ ನೇಗಿಲು ಮೇಲೇಳುತ್ತದೆ, ನೊಗ ಹೆಗಲನ್ನು ಕೆಳಕ್ಕೆ ಜಗ್ಗುವುದೂ ಹೆಚ್ಚುತ್ತದೆ.

ಜೋಡಿ ಸಮವಿಲ್ಲದಿದ್ದರೆ

ಒಂದು ಎತ್ತು ಬಲವಾಗಿದ್ದು ಇನ್ನೊಂದು ಎಳೆಯದಾದರೆ ಮಿಣಿ ಕಟ್ಟುವ ಜಾಗವನ್ನು ಬಲವಾದ ಎತ್ತಿನ ಕಡೆಗೆ ಸರಿಸಬೇಕು. ನೊಗದ ನಡುವಿನಿಂದ ಎರಡೂ ಕಡೆಗೆ 45 ಸೆಂ.ಮೀ. ಇದ್ದಾಗ 72 ಕಿಲೋ ಎಳೆತ ಸಮಪಾಲಾಗುತ್ತದೆ. ಮಿಣಿಯನ್ನು 5 ಸೆಂ.ಮೀ. ಸರಿಸಿದರೆ ಬಲವಾದ ಎತ್ತಿಗೆ 40 ಕಿಲೋ, ಎಳೆಯದಕ್ಕೆ 32 ಕಿಲೋ ಬೀಳುತ್ತದೆ. ನೊಗದ ನಡುವೆ ಎರಡು ಮೂರು ಕಚ್ಚು ಮಾಡಿಸಿಟ್ಟುಕೊಂಡರೆ ಈ ಬದಲಾವಣೆಗೆ ಒಂದು ನಿಮಿಷವೂ ಬೇಡ. ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿರುವ ಎತ್ತುಗಳನ್ನು ಮಾತ್ರ ಜೋಡಿ ಮಾಡದಿರುವುದೇ ಒಳ್ಳೆಯದು.

ಹೆಗಲಿನ ಪರೀಕ್ಷೆ

ನೊಗ ಇಳಿಸಿದ ಕೂಡಲೇ ಹೆಗಲ ಮೇಲೆ ಅಂಗೈಯಾಡಿಸಿ ನೋಡಬೇಕು. ಒಂದೇ ಕಡೆ ಹೆಚ್ಚು ಬಿಸಿ, ಕೂದಲು ಸವೆತ, ಮುಟ್ಟಿದರೆ ಎತ್ತು ಚರ್ಮ ಅದುರಿಸುವುದು, ಇವು ಮೊದಲ ಲಕ್ಷಣಗಳು. ಆಗಲೇ ನೊಗವನ್ನು ಸರಿಪಡಿಸಿದರೆ ಕೆಲಸ ಕೆಡುವುದಿಲ್ಲ. ಬಾವು ಕಂಡರೆ ಎತ್ತಿಗೆ ಬಿಡುವು ಕೊಟ್ಟು ತಣ್ಣೀರಿನ ಪಟ್ಟಿ ಹಾಕಿ ಪಶುವೈದ್ಯರಿಗೆ ತೋರಿಸಬೇಕು. ಬಟ್ಟೆ ಸುತ್ತಿ ಮತ್ತೆ ಹೂಡಿದರೆ ಬಾವು ಹುಣ್ಣಾಗುತ್ತದೆ, ಇಲ್ಲವೆ ಗಡ್ಡೆಯಾಗಿ ಗಟ್ಟಿಯಾಗುತ್ತದೆ. ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಮಳೆಯಲ್ಲಿ ನೆನೆದ ಚರ್ಮ ಬೇಗ ಸುಲಿಯುವುದರಿಂದ ಆ ದಿನಗಳಲ್ಲಿ ಹೆಚ್ಚಿನ ಗಮನ ಬೇಕು.

ಗಾಡಿ ಹೂಡುವವರು ಹೇರು ಮುಂದಕ್ಕೆ ವಾಲದಂತೆ ತುಂಬಬೇಕು. ಗಾಡಿ ಎಳೆಯುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1965ರ ಕೇಂದ್ರ ನಿಯಮಗಳು ಹೇಳುತ್ತವೆ. ಹೊಲದ ಕೆಲಸದಲ್ಲೂ ಇದನ್ನು ಪಾಲಿಸುವುದು ಲೇಸು.

ಮಳೆಗೆ ಮೊದಲು ಮಾಡಬೇಕಾದ್ದು

1. ನೊಗವನ್ನು ಇಳಿಸಿ ಅಂಚು, ಸೀಳು, ಮೊಳೆಗಳನ್ನು ಪರೀಕ್ಷಿಸಿ ಉಜ್ಜಿ ನಯಮಾಡುವುದು.
2. ಸವೆದ ಜತ್ತಿಗೆ, ಮಿಣಿ, ಗೂಟಗಳನ್ನು ಬದಲಾಯಿಸುವುದು.
3. ಈ ವರ್ಷದ ಸಾಲಿನ ಅಂತರಕ್ಕೆ ಎಡೆಕುಂಟೆಯ ನೊಗ ಹೊಂದುವುದೇ ಎಂದು ಅಳೆಯುವುದು.
4. ಬೇಸಿಗೆಯೆಲ್ಲ ಕಟ್ಟಿಹಾಕಿದ್ದ ಎತ್ತುಗಳನ್ನು ಹಗುರ ಕೆಲಸದಿಂದ ಆರಂಭಿಸಿ ಹೆಗಲು ಪಳಗಿಸುವುದು.

ಬಡಗಿಯ ಅರ್ಧ ದಿನದ ಕೂಲಿ ಇದಕ್ಕೆ ತಗಲಬಹುದು. ಬಿತ್ತನೆಯ ದಿನ ಎತ್ತು ಕೊಟ್ಟಿಗೆಯಲ್ಲಿ ನಿಂತರೆ ಆಗುವ ನಷ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.