ತಂತಿ ಬಿಚ್ಚಿದ ಮೇಲಿನ ಕೆಲಸ

ದವಡೆ ಮುರಿದುಕೊಂಡವರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಬಹುತೇಕರು ಬೈಕಿನಿಂದ ಬಿದ್ದವರು. ಗದ್ದ ಮುಚ್ಚದ ಅರ್ಧ ಹೆಲ್ಮೆಟ್ ಹಾಕಿದ್ದವರೂ ಇದ್ದಾರೆ.

1. ಮೂಳೆ ಕೂಡಿದ ಮಾತ್ರಕ್ಕೆ ಬಾಯಿ ತೆರೆಯುವುದಿಲ್ಲ. ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿಯಲ್ಲಿ ಬಿಗಿದು ವಾರಗಟ್ಟಲೆ ಇಟ್ಟಾಗ ಅಗಿಯುವ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಕೀಲು ಜಡ್ಡುಗಟ್ಟುತ್ತದೆ. ಬಿಚ್ಚಿದ ದಿನ ಒಂದು ಬೆರಳು ತೂರುವುದೂ ಕಷ್ಟ. ಮತ್ತೆ ಮುರಿಯಿತೇನೋ ಎಂದು ರೋಗಿ ಹೆದರುತ್ತಾರೆ. ಹೀಗಾಗುತ್ತದೆ ಎಂದು ತಂತಿ ಹಾಕುವಾಗಲೇ ಹೇಳಿರಬೇಕು.

2. ಅಳತೆ ಬರೆದಿಡಿ. ಮುಂದಿನ ಹಲ್ಲುಗಳ ನಡುವೆ ಸ್ಕೇಲ್ ಹಿಡಿದರೆ ಸಾಕು. ದೊಡ್ಡವರಲ್ಲಿ ಸಾಮಾನ್ಯವಾಗಿ 40 ಮಿ.ಮೀ. ಆಸುಪಾಸು, ಅಂದರೆ ಅವರವರದೇ ಮೂರು ಬೆರಳು.

3. ಕನ್ನಡಿ ಮುಂದೆ ಕೂರಿಸಿ. ಕೀಲಿನ ಹತ್ತಿರ ಮುರಿದಿದ್ದರೆ ಬಾಯಿ ತೆರೆದಾಗ ಗದ್ದ ಪೆಟ್ಟಾದ ಕಡೆಗೇ ವಾಲುತ್ತದೆ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ, ನೇರವಾಗಿ, ನಿಧಾನವಾಗಿ ತೆರೆಯಲಿ. ಮೊದಲ 20–25 ಮಿ.ಮೀ. ತನಕ ಕೀಲು ಬಹುಮಟ್ಟಿಗೆ ಇದ್ದಲ್ಲೇ ತಿರುಗುತ್ತದೆ. ಆಮೇಲೆ ಅದು ಮುಂದಕ್ಕೆ ಜಾರಬೇಕು. ಗದ್ದ ಮುಂದೆ ಚಾಚುವುದು, ಅಕ್ಕಪಕ್ಕ ಸರಿಸುವುದು ಇದಕ್ಕಾಗಿಯೇ. ಇವನ್ನು ಬಿಟ್ಟು ಬರೀ ಬಾಯಿ ತೆರೆಸಿದರೆ ಅರ್ಧದಲ್ಲೇ ನಿಲ್ಲುತ್ತದೆ.

4. ಐಸ್‌ಕ್ರೀಂ ಕಡ್ಡಿಗಳಿಗಿಂತ ಅಗ್ಗದ ಉಪಕರಣ ನಾನು ಕಂಡಿಲ್ಲ. ಸರ್ಜನ್ ಒಪ್ಪಿದ ಮೇಲೆ, ಬಿಸಿನೀರಿನ ಬಟ್ಟೆಯಿಂದ ಕೆನ್ನೆಗೆ ಶಾಖ ಕೊಟ್ಟು, ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಿಸುತ್ತೇನೆ. ಕೆಲವು ದಿನಕ್ಕೊಂದು ಕಡ್ಡಿ ಹೆಚ್ಚುತ್ತದೆ. ಎಳೆತದ ನೋವು ಇರಲಿ. ರಾತ್ರಿಯೆಲ್ಲ ಉಳಿಯುವ ನೋವಾದರೆ ಒಂದು ಕಡ್ಡಿ ತೆಗೆಯಬೇಕು.

5. "ಮುದ್ದೆ ಉಣ್ತಿದೀನಿ, ಬಾಯಿ ಸರಿಹೋಯ್ತು ಬಿಡಿ" ಎನ್ನುತ್ತಾರೆ ಮಂಡ್ಯದ ಕಡೆಯವರು. ಮುದ್ದೆ ನುಂಗುವ ಊಟ, ದವಡೆಗೆ ಅದರಲ್ಲಿ ಕೆಲಸವಿಲ್ಲ. ಮೆತ್ತನೆಯ ಅನ್ನದಿಂದ ಚಪಾತಿಗೆ, ಚಪಾತಿಯಿಂದ ರೊಟ್ಟಿಗೆ ಎಷ್ಟು ದಿನದಲ್ಲಿ ಬಂದಿರಿ ಎಂದು ಕೇಳಿ.

6. ಮುಖದ ನರಕ್ಕೂ ಪೆಟ್ಟಾಗಿದ್ದರೆ ಮುಖದ ವ್ಯಾಯಾಮದಲ್ಲಿ ಜೋರು ಬೇಡ. ನಕ್ಕಾಗ ಕಣ್ಣು ತಾನಾಗಿ ಮುಚ್ಚತೊಡಗಿದರೆ ನಗುವ ವ್ಯಾಯಾಮವನ್ನು ಮೆಲ್ಲಗೆ, ಸಣ್ಣದಾಗಿ ಮಾಡಿಸಬೇಕು.

7. ನನಗೆ ಅತಿ ಕಳವಳ ಮಕ್ಕಳದ್ದು. ಮೆಟ್ಟಿಲ ಮೇಲೆ ಗದ್ದ ಊರಿ ಬಿದ್ದ ಮಗುವಿನ ಗದ್ದಕ್ಕೆ ಹೊಲಿಗೆ ಬೀಳುತ್ತದೆ, ಕಿವಿಯ ಮುಂದಿನ ಕೀಲನ್ನು ಎಷ್ಟೋ ಸಲ ಯಾರೂ ನೋಡುವುದಿಲ್ಲ. ಅಲ್ಲಿ ಮೂಳೆ ಮುರಿದಿದ್ದು ಬಾಯಿ ಆಡಿಸದೆ ಬಿಟ್ಟರೆ, ಕೀಲು ತಲೆಬುರುಡೆಗೇ ಅಂಟಿಕೊಳ್ಳಬಹುದು. ಕೆಳದವಡೆ ಬೆಳೆಯದೆ ಮುಖ ಓರೆಯಾಗುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಆಮೇಲೆ ದೊಡ್ಡ ಆಪರೇಷನ್, ಅದಾದ ಮೇಲೆ ತಿಂಗಳುಗಟ್ಟಲೆ ಅದೇ ವ್ಯಾಯಾಮ. ಗದ್ದಕ್ಕೆ ಪೆಟ್ಟಾದ ಮಗು ಬಾಯಿ ಪೂರ್ತಿ ತೆರೆಯದಿದ್ದರೆ, ಹೊಲಿಗೆ ಬಿಚ್ಚುವ ದಿನಕ್ಕೆ ಕಾಯದೆ ಆ ಕೀಲಿನ ಎಕ್ಸ್‌ರೇ ಕೇಳಿ.