ನಡೆದವರಿಗೆ ಮಜ್ಜಿಗೆ, ಗಾಡಿಯಲ್ಲಿ ಕೂತವರಿಗೆ ನೀರಿಲ್ಲ

ಯುಗಾದಿಗೆ ಶ್ರೀಶೈಲಕ್ಕೆ ಹೋಗುವವರು ಮನೆಯ ಹಿರಿಯರನ್ನು ಗಾಡಿಯಲ್ಲಿ ಕೂಡಿಸಿ ನಿಶ್ಚಿಂತರಾಗುತ್ತಾರೆ. ಹಾಗೆ ನಿಶ್ಚಿಂತರಾಗಬೇಡಿ. ನಮ್ಮ ಅತ್ತೆಯವರು ಮಲ್ಲಯ್ಯನ ದಯದಿಂದ ಉಳಿದುಕೊಂಡರು. ಆದರೆ ದೋರನಾಳ ಘಾಟಿನ ಆ ಮಧ್ಯಾಹ್ನ ನೆನೆದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ.

2022ರಲ್ಲಿ ಶ್ರೀಶೈಲ ಜಗದ್ಗುರುಗಳು ನಮ್ಮ ಯಡೂರಿನಿಂದಲೇ ಪಾದಯಾತ್ರೆ ಹೊರಟಿದ್ದನ್ನು ಕಂಡಾಗಿನಿಂದ ಅತ್ತೆಗೆ ಒಂದೇ ಹಟ: ತಾನೂ ಹೋಗಬೇಕು, ಅಲ್ಲಿನ ದೇವಿ ಭ್ರಮರಾಂಬೆಗೆ ತವರಿನ ಸೀರೆ ಉಡಿಸಬೇಕು. ಮೊಣಕಾಲು ನಡೆಯಲು ಬಿಡುವುದಿಲ್ಲ. ಹಾಗಾಗಿ ಓಣಿಯವರು ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಂಬಿಯ ಜೊತೆ ನಡೆದರು, ಅತ್ತೆ ಮತ್ತು ನಾನು ಮೈದುನನ ಮಿನಿ ಬಸ್ಸಿನಲ್ಲಿ ಹಿಂಬಾಲಿಸಿದೆವು. ಹಿಂದಿನ ಸೀಟು ಕಳಚಿ ಮಲಗಲು ಹಲಗೆ ಹಾಕಿಸಿದ್ದ. ನೀರಿನ ಟಾಕಿ, ಸಿಲಿಂಡರು, ಒಲೆ, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಹಾಸಿಗೆ ಎಲ್ಲ ಅದರೊಳಗೇ. ರಾಯಚೂರು ದಾಟುವವರೆಗೆ ಅದೇ ನಮ್ಮ ಮನೆ, ನಮ್ಮ ಅಡುಗೆಮನೆ. ಏನೂ ಕೊರತೆ ಬರಲಿಲ್ಲ.

ತೊಂದರೆ ಶುರುವಾಗುವುದು ಆತ್ಮಕೂರಿನ ನಂತರ. ನಡೆಯುವವರು ವೆಂಕಟಾಪುರದಲ್ಲಿ ಕಾಡು ಹೊಕ್ಕು ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರದ ಮೂಲಕ ಶ್ರೀಶೈಲ ಸೇರುತ್ತಾರೆ. ಆ ದಾರಿಯಲ್ಲಿ ಗಾಡಿಗೆ ಪ್ರವೇಶವಿಲ್ಲ. ಗಾಡಿ ದೋರನಾಳ ಸುತ್ತಿ ಘಾಟು ಹತ್ತಬೇಕು. ಅಲ್ಲಿಂದ ಮೇಲೆ ಸುಮಾರು 50 ಕಿ.ಮೀ. ನಲ್ಲಮಲ ಕಾಡು, ಹುಲಿ ರಕ್ಷಿತಾರಣ್ಯ. ರಾತ್ರಿ 9ರಿಂದ ಬೆಳಗಿನ 6ರವರೆಗೆ ಗೇಟು ಮುಚ್ಚಿರುತ್ತದೆ. 6ಕ್ಕೇ ಹತ್ತಿಬಿಟ್ಟರೆ ತಂಪಿನಲ್ಲಿ ಗುಡಿ ಸೇರಬಹುದು. ಮೈದುನ ಹೊರರಾಜ್ಯದ ಪರವಾನಗಿಯ ಕಾಗದವನ್ನು ಊರಲ್ಲಿ ಮಾಡಿಸಿರಲಿಲ್ಲ. ಅದಕ್ಕಾಗಿ ಅಲೆದು ತಂಪು ಹೊತ್ತನ್ನೆಲ್ಲ ಕಳೆದ. ಅದು ಸಾಲದೆಂದು ಆತ್ಮಕೂರಿನಲ್ಲಿ ಟಾಕಿಯ ನಲ್ಲಿ ಬಿಚ್ಚಿ ನೀರನ್ನೆಲ್ಲ ರಸ್ತೆಗೆ ಹರಿಸಿದ.

"ತಮ್ಮಾ, ನೀರ್ಯಾಕ ಚೆಲ್ತೀ?" ಅಂದೆ.

"ವೈನೀ, ಘಾಟ ಹತ್ತಬೇಕು, ವಜ್ಜಾ ಆಕ್ಕೈತಿ. ಮುಂದ ಬೇಕಾದಂಗ ನೀರು ಸಿಗ್ತೈತಿ ಸುಮ್ನಿರ್ರಿ" ಅಂದ.

ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವನ ಮಾತು ಅದು. ನೀರು ಮನೆಗೇ ನುಗ್ಗಿದ್ದನ್ನು ಕಂಡವರಿಗೆ ನೀರಿಲ್ಲದ ಊರು ಕಣ್ಣಿಗೆ ಕಟ್ಟುವುದಿಲ್ಲ. ಶ್ರೀಶೈಲದಲ್ಲೂ ಇರುವುದು ಇದೇ ಕೃಷ್ಣೆ. ಆದರೆ ಅಲ್ಲಿ ಆಕೆ ಪಾತಾಳಗಂಗೆ, ಬೆಟ್ಟದ ಬುಡದಲ್ಲಿ ಹರಿಯುತ್ತಾಳೆ. ಘಾಟಿನ ರಸ್ತೆಯಲ್ಲಿ ನಿಂತವರ ಬಾಯಿಗೆ ಬರುವುದಿಲ್ಲ.

ಘಾಟಿನ ನಡುವೆ ಗಾಡಿಗಳ ಸಾಲು ನಿಂತಿತು. ಎಲ್ಲೋ ಮುಂದೆ ಲಾರಿ ಕೆಟ್ಟಿದೆ ಅಂದರು. ಎಲೆ ಉದುರಿದ ಕಾಡು, ನೆರಳೆಂಬುದಿಲ್ಲ. ಬಸ್ಸಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಅತ್ತೆ ಬೆಳಗಿನಿಂದ ಒಂದು ಗುಟುಕೂ ನೀರು ಕುಡಿದಿರಲಿಲ್ಲ. ಕಾರಣ ಎಲ್ಲ ಹೆಂಗಸರಿಗೂ ಗೊತ್ತು: ಕುಡಿದರೆ ಇಳಿಯಬೇಕು, ಇಳಿದರೆ ಮರೆಯಿಲ್ಲ. ಮೇಲಾಗಿ ಆಕೆ ನುಂಗುವ ಬಿ.ಪಿ. ಮಾತ್ರೆ ಮೂತ್ರ ಹೆಚ್ಚು ಮಾಡಿ ಮೈಯ ನೀರು ಕಳೆಯುವಂಥದ್ದು. ಇದನ್ನು ಡಾಕ್ಟರು ಹೇಳಿದ್ದು ಆಮೇಲೆ.

ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಒಮ್ಮೆಲೇ ಎದ್ದರು. "ಹೊಳಿ ಏರಾಕತ್ತೈತಿ, ದನದ ಹಗ್ಗ ಬಿಚ್ಚು, ಲಗೂ ಬಿಚ್ಚು" ಅಂತ ಕೂಗಿದರು. 2019ರ ಮಹಾಪೂರದ ರಾತ್ರಿ ಕೂಗಿದ್ದ ಮಾತೇ ಅದು. "ಅತ್ತೀ, ನಾವು ಗುಡ್ಡದಾಗ ಅದೀವಿ" ಅಂತ ಕೈ ಹಿಡಿದೆ. ಕೈ ಕಾದ ಹಂಚಿನಂತೆ ಸುಡುತ್ತಿತ್ತು, ಬೆವರಿನ ಹನಿಯಿಲ್ಲ. ನನ್ನನ್ನು ದಿಟ್ಟಿಸಿ "ನೀ ಯಾರ ಪೈಕಿ?" ಅಂದರು. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಒಲೆಯ ಮುಂದೆ ಕೂತವರು ಹಾಗೆ ಕೇಳಿದಾಗ ನನ್ನ ಎದೆ ಒಡೆಯಿತು. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿ ಒರಗಿದರು. ಟಾಕಿಯ ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬಂತು. ಮೊಬೈಲಿಗೆ ಸಿಗ್ನಲ್ ಇಲ್ಲ. ಮೈದುನ ರಸ್ತೆಯ ಬದಿಯಲ್ಲಿ ತಲೆ ಹಿಡಿದು ಕೂತ.

ನಾನು ಇಳಿದು ಗಾಡಿ ಗಾಡಿಗೆ ಓಡಿದೆ. "ನೀರು ಕೊಡ್ರೀ, ನಮ್ಮತ್ತಿ ಹೊಂಟಾಳ್ರೀ" ಅಂತ ಕನ್ನಡದಲ್ಲೇ ಕೂಗಿದೆ. ಬಾಗಲಕೋಟೆ ಕಡೆಯ ಕ್ರೂಸರಿನಿಂದ ಒಬ್ಬ ತಾಯಿ ಕೊಡ ಹಿಡಿದು ಇಳಿದಳು. ಬಾಯಿಗೆ ಹಾಕಹೋದ ನನ್ನ ಕೈ ತಡೆದು, "ಎಚ್ಚರಿಲ್ಲದವರಿಗೆ ಕುಡಿಸಬ್ಯಾಡ, ಉಸರಿಗೆ ಹೊಕ್ಕೈತಿ" ಅಂದಳು. ಬಸ್ಸಿನ ನೆರಳಿಗೆ ಮಲಗಿಸಿ ಸೀರೆ ಸಡಿಲಿಸಿದೆವು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಸೆರಗಿನಿಂದ ಗಾಳಿ ಹಾಕಿದೆವು. ಬಟ್ಟೆ ಸಾಲದೆ ಹೋದಾಗ ದೇವಿಯ ಸೀರೆಯನ್ನೇ ಬಿಚ್ಚಿ ತೋಯಿಸಿದೆ. ಎಷ್ಟೋ ಹೊತ್ತಿನ ಮೇಲೆ ಅತ್ತೆ ಕಣ್ಣು ತೆರೆದು ನನ್ನ ಹೆಸರು ಹಿಡಿದು ನೀರು ಕೇಳಿದರು. ಸಾಲು ಸರಿದ ಮೇಲೆ ದವಾಖಾನೆ ಮುಟ್ಟಿ ಸಲೈನ್ ಏರಿಸಿದೆವು.

ಮರುದಿನ ನಡೆದು ಬಂದ ಓಣಿಯವರನ್ನು ಕೇಳಿದರೆ, ಕಾಡಿನ ತುಂಬ ನಮ್ಮ ಕನ್ನಡದ ಜನರದೇ ದಾಸೋಹವಂತೆ. ಮಜ್ಜಿಗೆ, ಕಲ್ಲಂಗಡಿ, ಕಾಲಿಗೆ ಎಣ್ಣೆ, ಏನು ಬೇಕು ಅದು. ನಡೆಯುವವರನ್ನು ಊರೆಲ್ಲ ಕಾಯುತ್ತದೆ. ಗಾಡಿಯಲ್ಲಿ ಕೂತ ಮುದುಕಿಯನ್ನು ಕಾಯುವವರು ಗಾಡಿಯವರೇ.

ಆದ್ದರಿಂದ ಹೋಗುವವರಿಗೆ ಇಷ್ಟು ಹೇಳುತ್ತೇನೆ. ದೋರನಾಳದಲ್ಲೇ ಟಾಕಿ ತುಂಬಿಸಿ, ಚೆಲ್ಲಬೇಡಿ. ಗೇಟು ತೆಗೆಯುವ ಹೊತ್ತಿಗೆ ಸಾಲಿನಲ್ಲಿರಿ. ಪರವಾನಗಿಯ ಕೆಲಸ ಊರಲ್ಲೇ ಮುಗಿಸಿ. ಹಿರಿಯರ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಹೆಂಗಸರಿಗೆ ಮರೆಯಾಗಲು ಎರಡು ಕೋಲು, ಒಂದು ದಪ್ಪ ಚಾದರ ಇಡಿ. ಅದಿದ್ದರೆ ಅವರು ನೀರು ಕುಡಿಯುತ್ತಾರೆ. ಓಆರ್‌ಎಸ್ ಪೊಟ್ಟಣ ಇರಲಿ. ಬಿಸಿಲಲ್ಲಿ ಮಾತು ತಪ್ಪಿದರೆ ನಿದ್ದೆಗೆಟ್ಟದ್ದು ಅನ್ನಬೇಡಿ, ಅದು ಬಿಸಿಲು ಬಡಿದದ್ದು. ಮೊದಲು ಮೈ ತಂಪು ಮಾಡಿ, ಸಿಗ್ನಲ್ ಸಿಕ್ಕೊಡನೆ 108ಕ್ಕೆ ಕರೆ ಮಾಡಿ. ಆಂಧ್ರದಲ್ಲೂ ಅದೇ ನಂಬರು.

ಮೈದುನ ಈಗಲೂ "ಲಾರಿ ಕೆಟ್ಟಿದ್ದಕ್ಕ ಹಂಗಾತು" ಅನ್ನುತ್ತಾನೆ. ಲಾರಿ ಕೆಡುತ್ತದೆ, ದಾರಿ ನಿಲ್ಲುತ್ತದೆ. ಅದಕ್ಕೇ ಟಾಕಿ ತುಂಬಿರಬೇಕು. ಅತ್ತೆ ಮುಂದಿನ ಯುಗಾದಿಗೆ ಹೊಸ ಸೀರೆ ತೆಗೆದಿಟ್ಟಿದ್ದಾರೆ. ನಾನು ಕರೆದುಕೊಂಡು ಹೋಗುತ್ತೇನೆ. ಟಾಕಿಯ ನಲ್ಲಿಯನ್ನು ಈ ಸಲ ಯಾರೂ ನನ್ನನ್ನು ಕೇಳದೆ ಮುಟ್ಟುವಂತಿಲ್ಲ.