ಮಟ್ಟದ ಅಂತರವೂ ಮನುಷ್ಯನ ದುಡಿಮೆಯೂ

ನವಿಲುತೀರ್ಥದ ಬಳಿ ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ ರೇಣುಕಾಸಾಗರವು ನಿಂತಿದೆ. ಈ ನೀರನ್ನು ಕಾಲುವೆಯಲ್ಲಿ ಹರಿಸುವುದು ಸಮುದ್ರಮಟ್ಟದಿಂದ ಅದಕ್ಕಿರುವ ಎತ್ತರವಲ್ಲ. ಎರಡು ತಾಣಗಳ ನಡುವಣ ಮಟ್ಟದ ಅಂತರ. ಮನುಷ್ಯನ ಸಂತೃಪ್ತಿಯೂ ತನ್ನ ಗಳಿಕೆಯೊಂದನ್ನೇ ಅಲ್ಲದೆ ನೆರೆಯವನ ಗಳಿಕೆಗೂ ತನ್ನದಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ಆದರೆ ಒಂದು ಭೇದವುಂಟು: ಅಂತರವು ನೀರಿಗೆ ಚಲನೆಯನ್ನು ಕೊಡುತ್ತದೆ; ಮನುಷ್ಯನಲ್ಲಿ ಅದು ದುಡಿಮೆಯನ್ನೇ ಕುಗ್ಗಿಸಬಲ್ಲದು.

ಒಡಿಶಾದ ಕೂಲಿಕಾರರಲ್ಲಿ ಒಂದು ತಿಂಗಳ ಕಾಲ ನಡೆದ ಪ್ರಯೋಗದ ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಕೆಲವು ತಂಡಗಳಲ್ಲಿ ಎಲ್ಲರಿಗೂ ಸಮಾನ ದಿನಗೂಲಿ. ಉಳಿದವುಗಳಲ್ಲಿ ಮೊದಲಿನ ಕೆಲಸವನ್ನು ನೋಡಿ ಹೆಚ್ಚುಕಡಿಮೆ. ಕೈಗೆ ಬರುವ ಕೂಲಿ ಒಂದೇ ಆಗಿದ್ದರೂ ಅಸಮಾನ ತಂಡದವರ ಉತ್ಪನ್ನವು ಇಳಿಯಿತು. ನೂರು ದಿನಗಳಿಗೆ 18 ದಿನಗಳಷ್ಟು ಹಾಜರಾತಿ ತಗ್ಗಿತು. ಒಬ್ಬನ ಹೆಚ್ಚಿನ ಕೆಲಸವು ಉಳಿದವರ ಕಣ್ಣಿಗೆ ಕಾಣುವಂತಿದ್ದೆಡೆ ಮಾತ್ರ ಇಂಥ ಕುಸಿತವು ಕಾಣಬರಲಿಲ್ಲ.

ಅಂತಸ್ತಿನ ಪೆಟ್ಟು ದೇಹಕ್ಕೂ ತಟ್ಟುತ್ತದೆ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರಲ್ಲಿ ಆರಂಭವಾದ ಅಧ್ಯಯನದಲ್ಲಿ, ದರ್ಜೆ ಇಳಿದಂತೆಲ್ಲ ಹೃದ್ರೋಗದ ಮರಣವು ಏರಿದುದು ಕಂಡುಬಂದಿತು. ಧೂಮಪಾನವೇ ಮೊದಲಾದ ಕಾರಣಗಳು ಇದರ ಒಂದು ಭಾಗವನ್ನಷ್ಟೇ ವಿವರಿಸಿದವು.

ಆದುದರಿಂದ ಸವದತ್ತಿಯ ಹೊಲದಲ್ಲಾಗಲಿ ನಗರದ ಕಾರ್ಖಾನೆಯಲ್ಲಾಗಲಿ ಕೂಲಿಯಲ್ಲಿ ಭೇದ ಮಾಡುವವರು ಅದರ ಕಾರಣವನ್ನು ಎಲ್ಲರ ಮುಂದಿಡಬೇಕು. ಒಬ್ಬನಿಗೆ ಗುಟ್ಟಾಗಿ ಕೊಟ್ಟ ಹತ್ತು ರೂಪಾಯಿ, ಬಯಲಾದ ದಿನ, ಹತ್ತು ಜನರ ಕೈಗಳನ್ನು ಕಟ್ಟಿಹಾಕೀತು.